ಕಬಿನಿಗೆ ಹೊರಡುವ ಮುನ್ನ ಜಲಾಶಯದ ಮಟ್ಟ ನೋಡಿ

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ‘ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಕಬಿನಿಗೆ ಹೋಗಿದ್ದೆವು. ಎರಡು ಜೀಪ್ ಸಫಾರಿ, ಒಂದು ದೋಣಿ ಸಫಾರಿ. ಜಿಂಕೆ, ನವಿಲು, ದೂರದಲ್ಲೊಂದು ಆನೆ ಬಿಟ್ಟರೆ ಏನೂ ಕಾಣಲಿಲ್ಲ. ಪಕ್ಕದ ಮನೆಯವರು ಏಪ್ರಿಲ್‌ನಲ್ಲಿ ಹೋಗಿ ಹುಲಿ ನೋಡಿ ಬಂದರು. ನಮ್ಮ ಅದೃಷ್ಟವೇ ಹೀಗೋ, ಚಾಲಕನ ಕೈ ಬಿಸಿ ಮಾಡದ ತಪ್ಪೋ? ಮುಂದಿನ ಸಲ ಯಾವ ತಿಂಗಳು, ಯಾವ ಗೇಟು, ಜೀಪೋ ದೋಣಿಯೋ ತಿಳಿಸಿ. ಎಪ್ಪತ್ತು ದಾಟಿದ ತಾಯಿಯೂ ಜತೆಗಿರುತ್ತಾರೆ.’

ಸಂಪಾದಕರ ಉತ್ತರ:

ದಸರಾ ರಜೆಗೂ ಕಬಿನಿಗೂ ಆಗಿಬರುವುದಿಲ್ಲ. ನೀವು ಹೋದಾಗ ಹಿನ್ನೀರು ತುಂಬಿತ್ತು, ಪಕ್ಕದ ಮನೆಯವರು ಹೋದಾಗ ಇಳಿದಿತ್ತು. ಅಂತರ ಬಹುಮಟ್ಟಿಗೆ ಇಷ್ಟೇ.

ಬೀಚನಹಳ್ಳಿಯ ಬಳಿ 1974ರಲ್ಲಿ ಪೂರ್ಣಗೊಂಡ ಅಣೆಕಟ್ಟೆ ಕಪಿಲೆಯನ್ನು, ಅಂದರೆ ಕಬಿನಿ ನದಿಯನ್ನು, ನಿಲ್ಲಿಸಿದೆ. ಹಿನ್ನೀರಿನ ಒಂದು ದಡ ನಾಗರಹೊಳೆ, ಇನ್ನೊಂದು ದಡ ಬಂಡೀಪುರ. ವಯನಾಡಿನಲ್ಲಿ ಮುಂಗಾರು ಹಿಡಿದರೆ ರಾಜ್ಯದ ದೊಡ್ಡ ಜಲಾಶಯಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಬುವ ಸಾಲಿನಲ್ಲಿ ಕಬಿನಿ ಇರುತ್ತದೆ. ಆಗ ಕಾಡಿನ ಹಳ್ಳ, ಕೆರೆ, ಹಡ್ಲುಗಳಲ್ಲೂ (ಕಾಡಿನ ನಡುವಿನ ಜೌಗು ಹುಲ್ಲುಬಯಲು) ನೀರಿರುತ್ತದೆ. ಎಲ್ಲೆಲ್ಲೂ ನೀರು, ಎಲ್ಲೆಲ್ಲೂ ಹಸಿರು. ಪ್ರಾಣಿಗಳಿಗೆ ದಡಕ್ಕೆ ಬರುವ ದರ್ದಿಲ್ಲ. ಲಂಟಾನ ಆಳೆತ್ತರ ಬೆಳೆದು, ರಸ್ತೆಯಿಂದ ಹತ್ತು ಹೆಜ್ಜೆ ಒಳಗೆ ಆನೆ ನಿಂತಿದ್ದರೂ ಗೊತ್ತಾಗುವುದಿಲ್ಲ. ರಸ್ತೆಯ ಇಕ್ಕೆಲಗಳಲ್ಲಿ ಪೊದೆ ಸವರಿ ಇಲಾಖೆ ವ್ಯೂ ಲೈನ್ ಮಾಡಿದ್ದರೂ ಮಳೆಗಾಲ ಮುಗಿದೊಡನೆ ಅದು ಮುಚ್ಚಿಹೋಗಿರುತ್ತದೆ.

ಬೇಸಿಗೆಯಲ್ಲಿ ಇದೆಲ್ಲ ತಿರುವುಮುರುವು. ನಾಲೆಗೂ ನದಿಗೂ ನೀರು ಹರಿದು ಹಿನ್ನೀರು ಹಿಂದೆ ಸರಿಯುತ್ತದೆ. ಮುಳುಗಿದ್ದ ನೆಲ ಬಯಲಾಗಿ, ತೇವವಿರುವ ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಒಳಗಾಡು ಒಣಗಿರುವಾಗ ಹಸಿ ಮೇವು, ನೀರು ಎರಡೂ ಒಂದೇ ಕಡೆ ಸಿಗುವುದು ಅಲ್ಲಿ ಮಾತ್ರ. ಎರಡೂ ಕಾಡುಗಳ ಆನೆಗಳು ಗುಂಪುಗುಂಪಾಗಿ ಇಳಿಯುತ್ತವೆ. ಕಾಟಿ (ಕಾಡುಕೋಣ), ಜಿಂಕೆಗಳೂ ಬರುತ್ತವೆ. ಅವುಗಳ ಬೆನ್ನಿಗೆ ಹುಲಿ. ಮತ್ತಿ, ತೇಗ ಎಲೆ ಉದುರಿಸಿರುವುದರಿಂದ ಕೊಂಬೆಯ ಮೇಲಿನ ಚಿರತೆಯೂ ಕಣ್ಣಿಗೆ ಬೀಳುತ್ತದೆ. ಚಿರತೆ ಹುಡುಕುವವರು ಮೈಯ ಚುಕ್ಕೆಗಿಂತ ಮೊದಲು ಬಾಲ ನೋಡಬೇಕು: ಅಡ್ಡಕೊಂಬೆಯಿಂದ ನೇರ ಕೆಳಗೆ ಇಳಿಬಿದ್ದು, ತುದಿಯಲ್ಲಿ ತುಸು ಮೇಲಕ್ಕೆ ಮಡಿಚಿಕೊಂಡ ಬಳ್ಳಿಯಂಥದ್ದು ಕಂಡರೆ ಗಾಡಿ ನಿಲ್ಲಿಸಲು ಹೇಳಿ.

ಆದ್ದರಿಂದ ರೂಮು ಬುಕ್ ಮಾಡುವ ಮೊದಲು ಪತ್ರಿಕೆಯಲ್ಲಿ ಬರುವ ಜಲಾಶಯಗಳ ಮಟ್ಟದ ಪಟ್ಟಿ ನೋಡಿ. ಕಬಿನಿಯ ಗರಿಷ್ಠ ಮಟ್ಟ 2284 ಅಡಿ, ಸಾಮರ್ಥ್ಯ 19.52 ಟಿಎಂಸಿ ಅಡಿ. ಇಂದಿನ ಮಟ್ಟ ಅದರ ಆಸುಪಾಸಿನಲ್ಲಿದ್ದರೆ ಹಕ್ಕಿ ನೋಡಲು, ಹಸಿರು ನೋಡಲು ಹೋಗಬಹುದು. ಹುಲಿಯ ಆಸೆ ಇಟ್ಟುಕೊಳ್ಳಬೇಡಿ. ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಕಾಲ ಕೂಡಿಬಂದಂತೆ. ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಎಂಬುದು ನಮ್ಮ ಸಲಹೆ. ಮೇ ತಿಂಗಳೂ ಒಳ್ಳೆಯದೇ, ಆದರೆ ಭರಣಿ ಮಳೆ ಚೆನ್ನಾಗಿ ಬಿದ್ದುಬಿಟ್ಟರೆ ಒಳಗಿನ ಕಟ್ಟೆಗಳಲ್ಲಿ ನೀರು ನಿಂತು ಆನೆಗಳು ಚದುರಿಹೋಗುತ್ತವೆ. ಶನಿವಾರ, ಭಾನುವಾರ ತಪ್ಪಿಸಿ.

ಗೇಟಿನ ಮಾತು. ಹಿನ್ನೀರಿನ ಆಟ ನೋಡಬೇಕಿದ್ದರೆ ದಮ್ಮನಕಟ್ಟೆಯಿಂದ ಹೊರಡುವ ಅರಣ್ಯ ಇಲಾಖೆಯ ವಾಹನ, ಇಲ್ಲವೇ ರಾಜ್ಯ ಸರ್ಕಾರದ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರ ಜೀಪು. ಜೀಪುಗಳನ್ನು ವಲಯಗಳಿಗೆ ಹಂಚುತ್ತಾರೆ. ಆಯ್ಕೆ ನಿಮ್ಮದಲ್ಲ, ಅದಕ್ಕಾಗಿ ಕೌಂಟರಿನಲ್ಲಿ ಜಗಳ ಬೇಡ. ಒಂದೇ ಸಫಾರಿಗೆ ಹೋಗಿ ಬರುವುದಕ್ಕಿಂತ ಎರಡು ರಾತ್ರಿ ಉಳಿದು ಮೂರ್ನಾಲ್ಕು ಸಲ ಹೋದರೆ ಬೇರೆ ಬೇರೆ ದಾರಿ ಸಿಕ್ಕೇ ಸಿಗುತ್ತದೆ. ಕುಟ್ಟದ ಕಡೆಯ ನಾಣಚ್ಚಿ ಗೇಟಿನದು ಹೆಚ್ಚು ತೇವದ ಕಾಡು. ಹಡ್ಲುಗಳ ಅಂಚಿನಲ್ಲಿ ಕಾಟಿ ನೋಡಲು ಸೊಗಸು, ಆದರೆ ಹಿನ್ನೀರಿಲ್ಲ. ಬಂಡೀಪುರ ಒಣಕಾಡು, ಅಲ್ಲಿ ಬೇಸಿಗೆಯಲ್ಲಿ ಕೆರೆಗಳ ಬಳಿಯೇ ಕಾಯಬೇಕು.

ಇನ್ನು ಕೈಬಿಸಿ. ಖಂಡಿತ ಬೇಡ. ದುಡ್ಡು ಕೊಟ್ಟವರಿಗೆ ಚಾಲಕ ಮಾಡಬಹುದಾದದ್ದು ಒಂದೇ, ಬೇರೆ ಗಾಡಿ ನಿಂತಲ್ಲಿಗೆ ಓಡಿಸುವುದು. ನೀವು ತಲುಪುವಷ್ಟರಲ್ಲಿ ಐದಾರು ಗಾಡಿ ಅಡ್ಡ ನಿಂತು ಹುಲಿ ಪೊದೆ ಸೇರಿರುತ್ತದೆ. ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರವಿರಬೇಕೆಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ ಹೇಳುತ್ತದೆ. ಹುಲಿ ಸಂರಕ್ಷಿತ ಪ್ರದೇಶಗಳ ಕೋರ್ ಭಾಗದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆ ಕೂಡದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಓಡಿಸುವ ಚಾಲಕನಿಗಿಂತ ನಿಲ್ಲಿಸುವ ಚಾಲಕ ಮೇಲು. ಎಂಜಿನ್ ಆಫ್ ಮಾಡಿ ಐದು ನಿಮಿಷ ಕಿವಿಗೊಡಲು ಕೇಳಿಕೊಳ್ಳಿ. ಜಿಂಕೆಯ ಎಚ್ಚರಿಕೆಯ ಕೂಗೊಂದನ್ನೇ ನಂಬುವಂತಿಲ್ಲ, ಅದು ಸೀಳುನಾಯಿಗೂ ಕೂಗುತ್ತದೆ, ಬರೀ ಅನುಮಾನಕ್ಕೂ ಕೂಗುತ್ತದೆ. ಬಾಲ ನಿಮಿರಿಸಿ, ಮುಂಗಾಲು ನೆಲಕ್ಕೆ ಬಡಿಯುತ್ತ ಕಡವೆ ಮತ್ತೆ ಮತ್ತೆ ಕೂಗಿದರೆ, ಮರದ ತುದಿಯಿಂದ ಮುಸುವವೂ ದನಿಗೂಡಿಸಿದರೆ, ಅವುಗಳೆಲ್ಲ ಮುಖ ಮಾಡಿರುವ ದಿಕ್ಕನ್ನು ಬಿಟ್ಟು ಕದಲಬೇಡಿ. ಕೂಗು ನಿಂತಿತೆಂದು ತಕ್ಷಣ ಹೊರಡುವುದೂ ತಪ್ಪು. ಹುಲಿ ಮಲಗಿರಬಹುದು, ಮುಂದಿನ ತಿರುವಿನಲ್ಲಿ ರಸ್ತೆ ದಾಟಲೂಬಹುದು.

ಫೋಟೊ ಗೀಳಿದ್ದರೆ ಟ್ರೈಪಾಡ್ ಮನೆಯಲ್ಲೇ ಬಿಡಿ, ಜೀಪಿನಲ್ಲಿ ಜಾಗವಿರುವುದಿಲ್ಲ. ಗಟ್ಟಿ ಬಟ್ಟೆಯ ಚೀಲಕ್ಕೆ ಎರಡು ಕಿಲೋ ಅಕ್ಕಿ ತುಂಬಿ ಬಾಯಿ ಹೊಲಿದು, ಕಂಬಿಯ ಮೇಲಿಟ್ಟು ಲೆನ್ಸ್ ಊರಿ. ಚಿತ್ರ ಅಲುಗುವುದು ಬಹುಪಾಲು ಎಂಜಿನ್ನಿನ ನಡುಕದಿಂದ.

ಒಂದು ಎಚ್ಚರಿಕೆ. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಸತ್ತ ಮೇಲೆ 2025ರ ನವೆಂಬರ್‌ನಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿತು. ಸಫಾರಿ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಿತು. ರೈತ ಹೊಲಕ್ಕೆ ಹೋಗಲು ಹೆದರುವಾಗ ಪ್ರವಾಸಿ ಗಾಡಿ ಓಡುವುದು ಯಾರಿಗೂ ಸರಿಕಾಣದು, ಆ ನಿರ್ಧಾರವನ್ನು ನಾವು ದೂರುವುದಿಲ್ಲ. ಆದರೆ ಮುಂಗಡ ಕೊಟ್ಟವರ ಪಾಡು ನೋಡಿ. ಆದ್ದರಿಂದ ಸಫಾರಿ ನಡೆಯುತ್ತಿದೆಯೇ, ಎಷ್ಟು ಹೊತ್ತಿಗೆ ಎಂದು ಇಲಾಖೆಯಲ್ಲೇ ವಿಚಾರಿಸಿ. ರದ್ದಾದರೆ ಹಣ ವಾಪಸಾಗುತ್ತದೆಂದು ಬರಹದಲ್ಲಿ ಪಡೆದು ಮುಂಗಡ ಕಟ್ಟಿ. ಮೈಸೂರು–ಮಾನಂದವಾಡಿ ರಸ್ತೆಯ ಕಾಡಿನ ಗೇಟು ಸಂಜೆ 6ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಬಂಡೀಪುರದ್ದು ರಾತ್ರಿ 9ಕ್ಕೆ ಮುಚ್ಚುತ್ತದೆ. ದಾವಣಗೆರೆಯಿಂದ ಒಂದೇ ಓಟದಲ್ಲಿ ಬಂದು ಅದೇ ಮಧ್ಯಾಹ್ನ ಸಫಾರಿ ಹಿಡಿಯುವ ಸಾಹಸ ಬೇಡ, ಮೈಸೂರಿನಲ್ಲಿ ತಂಗಿ.

ತಾಯಿಯವರಿಗೆ ದೋಣಿಯೇ ಸರಿ. ಜೀಪು ಗುಂಡಿಗೆ ಬಿದ್ದಾಗ ಹಿಂದಿನ ಸೀಟಿನವರ ಸೊಂಟಕ್ಕೇ ಪೆಟ್ಟು. ಜೀಪಿಗೇ ಬರುತ್ತಾರೆಂದರೆ ನಡುವಿನ ಸಾಲಿನಲ್ಲಿ ಕೂರಿಸಿ. ದೋಣಿಯಲ್ಲಿ ಕುಲುಕಾಟವಿಲ್ಲ, ಆನೆ ಹಿಂಡು, ಬಿಸಿಲು ಕಾಯಿಸುವ ಮೊಸಳೆ, ನೀರುಕಾಗೆ ಕೂತಲ್ಲೇ ಕಾಣುತ್ತವೆ. ಬೇಸಿಗೆಯಲ್ಲಿ ನೀರು ಇಳಿದಷ್ಟೂ ದೋಣಿ ನಿಲ್ಲುವ ಜಾಗ ಕೆಳಗೆ ಹೋಗುತ್ತದೆ. ಇಳಿಜಾರಿನಲ್ಲಿ ಎಷ್ಟು ದೂರ ನಡೆಯಬೇಕೆಂದು ಬುಕ್ ಮಾಡುವಾಗಲೇ ಕೇಳಿ, ಟೋಪಿ, ನೀರಿನ ಬಾಟಲಿ, ಜಾರದ ಚಪ್ಪಲಿ ಇರಲಿ.