ರಕ್ತ ಕಂಡರೆ ಎಚ್ಚರ ತಪ್ಪುತ್ತಿದ್ದ ಹುಡುಗಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ 19 ವರ್ಷ, ನರ್ಸಿಂಗ್ ಓದುತ್ತಿದ್ದಳು. ರೋಗಿಯ ಕೈಯಿಂದ ರಕ್ತ ತೆಗೆಯುವುದನ್ನು ನೋಡುತ್ತಾ ನಿಂತಿದ್ದವಳು ಎರಡು ಸಲ ಕುಸಿದು ಬಿದ್ದಿದ್ದಳು. "ನನಗೆ ಧೈರ್ಯ ಇಲ್ಲ ಮೇಡಂ, ಕೋರ್ಸ್ ಬಿಟ್ಟುಬಿಡ್ತೀನಿ" ಎಂದಳು. ಜೊತೆಯವರೂ ಹಾಗೇ ಅಂದಿದ್ದರಂತೆ.

ಧೈರ್ಯದ ಮಾತು ಆಮೇಲೆ, ಬೀಳುವ ಮುಂಚೆ ಏನೇನಾಯಿತು ಹೇಳಿ ಎಂದೆ. ಮೈ ಬೆವರಿತು, ಹೊಟ್ಟೆ ತೊಳಸಿತು, ಕಿವಿ ಗುಂಯ್ ಅಂತು, ಕಣ್ಣು ಕತ್ತಲೆ ಬಂತು. ನೋಡಿದವರ ಪ್ರಕಾರ ಒಂದು ನಿಮಿಷದೊಳಗೆ ಎಚ್ಚರವಾಗಿತ್ತು. ಎದ್ದ ಕೂಡಲೇ ಎಲ್ಲರ ಗುರುತೂ ಸಿಕ್ಕಿತ್ತು. ಇವನ್ನೆಲ್ಲ ಸುಮ್ನೆ ಕೇಳುವುದಿಲ್ಲ. ಕಾರಣ ಹುಡುಕುವ ವೈದ್ಯರಿಗೆ ಜಾಸ್ತಿ ನೆರವಾಗುವುದು ಇಂಥ ವಿವರಗಳೇ.

ಆದರೂ ಮೊದಲು ವೈದ್ಯರ ಬಳಿ ಕಳಿಸಿದೆ. ಮಲಗಿದಾಗಿನ ಬಿಪಿ, ನಿಂತಾಗಿನ ಬಿಪಿ, ಇಸಿಜಿ ಎಲ್ಲ ಸರಿಯಿತ್ತು. ಯಾರೇ ಬಂದರೂ ಈ ಹಂತವನ್ನು ನಾನು ತಪ್ಪಿಸುವುದಿಲ್ಲ. ಓಡುವಾಗ ಬಿದ್ದರೆ, ಮಲಗಿದ್ದಾಗಲೇ ಎಚ್ಚರ ತಪ್ಪಿದರೆ, ಅದಕ್ಕೆ ಮುಂಚೆ ಎದೆ ನೋವು ಬಂದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರನೆ ತೀರಿಕೊಂಡಿದ್ದರೆ ಹೃದಯದ ತೊಂದರೆ ಇರಬಹುದು. ಅಂಥವರು ತಡ ಮಾಡಲೇಬಾರದು.

ಆಕೆಗೆ ಆಗುತ್ತಿದ್ದುದು ಇಷ್ಟು. ರಕ್ತ ಕಂಡಾಗ ಎದೆಬಡಿತ ಮೊದಲು ಏರಿ, ಆಮೇಲೆ ಒಮ್ಮೆಲೇ ಇಳಿಯುತ್ತದೆ. ರಕ್ತನಾಳಗಳು ಹಿಗ್ಗಿ ಬಿಪಿ ಕುಸಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ಎಚ್ಚರ ತಪ್ಪುತ್ತದೆ. ನೆಲಕ್ಕೆ ಒರಗಿದ ಮೇಲೆ ರಕ್ತ ಮತ್ತೆ ತಲೆಗೆ ಹರಿಯುತ್ತದೆ. ಇದರಲ್ಲಿ ಪುಕ್ಕಲುತನ ಎಲ್ಲಿದೆ ಹೇಳಿ? ಇದನ್ನು ಕೇಳಿ ಆಕೆ ಅತ್ತುಬಿಟ್ಟಳು.

ಬೇರೆ ಭಯಗಳಿಗೆ "ಮೈ ಸಡಿಲ ಬಿಡಿ" ಎನ್ನುತ್ತೇವೆ ಅಲ್ವಾ? ಇಲ್ಲಿ ಅದು ತಿರುಗುಬಾಣವಾಗಬಹುದು, ಬಿಪಿ ಮೊದಲೇ ಇಳಿಯುತ್ತಿರುತ್ತದೆ. ಸ್ವೀಡನ್‌ನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಬೆಳೆಸಿದ ವಿಧಾನ ಇದಕ್ಕೆ ತದ್ವಿರುದ್ಧ. ಕೈ, ಕಾಲು, ಹೊಟ್ಟೆಯನ್ನು 10ರಿಂದ 15 ಸೆಕೆಂಡ್ ಬಿಗಿ ಹಿಡಿಯಬೇಕು, ಮುಖ ಬೆಚ್ಚಗಾಗುವ ತನಕ. ಆಮೇಲೆ ಅರ್ಧ ನಿಮಿಷ ಮಾಮೂಲಿ ಸ್ಥಿತಿಗೆ ಬರಬೇಕು. ಹೀಗೆ ಐದು ಸಲ. ಒಂದು ವಾರ ಮನೆಯಲ್ಲಿ ಇದನ್ನೇ ಮಾಡಿದಳು. ಆಮೇಲೆ ರಕ್ತದ ಫೋಟೋ, ವಿಡಿಯೋ, ಸಿರಿಂಜ್, ಕೊನೆಗೆ ವಾರ್ಡ್. ಯಾವ ಮೆಟ್ಟಿಲಿನಲ್ಲೂ ಅವಸರ ಮಾಡಲಿಲ್ಲ.

ಇಷ್ಟಾದರೂ ಕಣ್ಣು ಕತ್ತಲೆ ಬಂದರೆ ನಾಚಿಕೆ ಬಿಟ್ಟು ತಕ್ಷಣ ಮಲಗಿ ಎಂದಿದ್ದೆ. ನಿಂತಲ್ಲೇ ಬಿದ್ದರೆ ತಲೆಗೆ ಪೆಟ್ಟಾಗುತ್ತದೆ. ಗೆಳತಿಯರಿಗೂ ಹೇಳಿಕೊಟ್ಟೆ: ಬಿದ್ದವಳನ್ನು ಎತ್ತಿ ಕೂರಿಸಬೇಡಿ, ಮಲಗಿಸಿಯೇ ಕಾಲು ಮೇಲೆತ್ತಿ ಹಿಡಿಯಿರಿ, ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬೇಡಿ.

ಆರನೇ ಭೇಟಿಗೆ ಬಂದಾಗ, "ಕಿವಿ ಗುಂಯ್ ಅಂತು ಮೇಡಂ. ಮೈ ಬಿಗಿ ಹಿಡಿದೆ. ಬೀಳಲಿಲ್ಲ" ಎಂದಳು. ಮುಂದಿನ ವಾರ ತಾನೇ ರಕ್ತ ತೆಗೆಯಬೇಕಿತ್ತು. ಪಕ್ಕದಲ್ಲಿ ಒಂದು ಕುರ್ಚಿ ಇಟ್ಟುಕೊಳ್ಳಬಹುದಾ ಎಂದು ಕೇಳಿದಳು. ಖಂಡಿತ ಇಟ್ಟುಕೊಳ್ಳಿ ಎಂದೆ.