ಮೂಡಿಗೆರೆ ಕಡೆಯ ತೋಟದ ಮನೆಗೆ ಮೂರು ಲಕ್ಷದ ಗೇಮಿಂಗ್ ಪಿಸಿ: ನನ್ನ ಪಟ್ಟಿಯಲ್ಲಿ ಏನು ಬದಲಾಯಿಸಲಿ?

ನಿಮ್ಮ ಪಟ್ಟಿ ನೋಡಿದೆ. ಆರ್‌ಟಿಎಕ್ಸ್ 5080 ಗ್ರಾಫಿಕ್ಸ್ ಕಾರ್ಡ್, ರೈಝನ್ 9 9950ಎಕ್ಸ್3ಡಿ ಪ್ರೊಸೆಸರ್, ನಾಲ್ಕು ಸ್ಟಿಕ್ ರ‍್ಯಾಮ್, 360 ಎಂಎಂ ಲಿಕ್ವಿಡ್ ಕೂಲರ್, 4ಕೆ ಮಾನಿಟರ್. ಪವರ್ ಸಪ್ಲೈ ಮುಂದೆ ಮಾತ್ರ "750 ವ್ಯಾಟ್, ಯಾವುದಾದರೂ ಸರಿ" ಅಂತ ಬರೆದಿದ್ದೀರಿ. ಯುಪಿಎಸ್ ಹೆಸರೇ ಇಲ್ಲ. ನಾನು ಆಲ್ದೂರು ಕಡೆಯವನು. ನಮ್ಮ ಕಡೆ ಕರೆಂಟು ಹೇಗೆ ಬಂದು ಹೋಗುತ್ತದೆ ಅಂತ ನಿಮಗೂ ಗೊತ್ತು, ಅಲ್ವಾ? ಅದಕ್ಕೇ ಆ "ಯಾವುದಾದರೂ ಸರಿ"ಯಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷದ ಹಿಂದೆ ನಾನೂ ಗ್ರಾಫಿಕ್ಸ್ ಕಾರ್ಡಿಗೇ ದುಡ್ಡೆಲ್ಲ ಸುರಿದು, ಪವರ್ ಸಪ್ಲೈ ಮಾತ್ರ ಅಂಗಡಿಯಲ್ಲಿ ಕೊಟ್ಟದ್ದನ್ನು ತಂದಿದ್ದೆ. ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ಬರಿಗಾಲಲ್ಲಿ ನಿಂತರೆ ಇನ್ನೂ ಜಾಸ್ತಿ. ಎಲ್ಲ ಕಂಪ್ಯೂಟರೂ ಹೀಗೇ ಅಂದುಕೊಂಡು ಸುಮ್ನೆ ಇದ್ದೆ. ಮೇ ತಿಂಗಳ ಒಂದು ಸಂಜೆ ಗುಡುಗು ಇನ್ನೂ ದೂರದಲ್ಲಿತ್ತು. ಕರೆಂಟು ಎರಡು ಸಲ ಹೋಗಿ ಬಂತು. ಮೂರನೇ ಸಲ ಬಂದಾಗ ಬಲ್ಬು ಬೆಳ್ಳಗೆ ಉರಿಯಿತು, ಮೇಜಿನ ಕೆಳಗೆ ಟಪ್ ಅಂತ ಸದ್ದು, ಹಿಂದೆಯೇ ಸುಟ್ಟ ವಾಸನೆ. ಪವರ್ ಸಪ್ಲೈ ಜೊತೆ ಮದರ್‌ಬೋರ್ಡೂ ಹೋಯಿತು, ಎಸ್‌ಎಸ್‌ಡಿಯೂ ಹೋಯಿತು. ಅದರಲ್ಲಿ ತಂಗಿ ಮದುವೆಯ ಫೋಟೋಗಳಿದ್ದವು. ಅದೊಂದು ನೋವು ಈಗಲೂ ಇದೆ.

ಆ ಜುಮ್ ಅನ್ನುವುದು ಅರ್ಥಿಂಗ್ ಇಲ್ಲದ್ದರ ಗುರುತು. ಪವರ್ ಸಪ್ಲೈ ಒಳಗಿನ ಫಿಲ್ಟರ್ ಒಂದಿಷ್ಟು ಕರೆಂಟನ್ನು ಅರ್ಥ್ ತಂತಿಗೆ ಬಿಡುತ್ತಿರುತ್ತದೆ. ಆ ತಂತಿಗೆ ದಾರಿ ಇಲ್ಲದಿದ್ದರೆ ನಾವು ಮುಟ್ಟಿದಾಗ ನಮ್ಮ ಮೈಯಿಂದ ಇಳಿಯುತ್ತದೆ. ಹಳೆಯ ತೋಟದ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತವೆ, ಮೂರನೇ ತಂತಿ ಎಲ್ಲಿಗೂ ಹೋಗಿರುವುದಿಲ್ಲ. ಹಾಗಾಗಿ ಪಾರ್ಟ್ಸ್ ಆರ್ಡರ್ ಮಾಡುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ. ನ್ಯೂಟ್ರಲಿಗೂ ಅರ್ಥಿಗೂ ನಡುವೆ ಮೀಟರ್ ಇಟ್ಟು ನೋಡಲಿ. ಎರಡು ಮೂರು ವೋಲ್ಟ್ ಒಳಗಿದ್ದರೆ ಒಳ್ಳೆಯದು. ಇಪ್ಪತ್ತು ಮೂವತ್ತು ತೋರಿಸಿದರೆ ಅರ್ಥಿಂಗ್ ಗುಂಡಿ ಹೊಸದಾಗಿ ಮಾಡಿಸಿ. ಸರಿಯಾಗಿ ಸೊನ್ನೆ ಬಂದರೂ ಸಾಕೆಟ್ ಬಿಚ್ಚಿಸಿ ನೋಡಿ. ಕೆಲವರು ಅಲ್ಲೇ ನ್ಯೂಟ್ರಲನ್ನು ಅರ್ಥಿಗೆ ಸೇರಿಸಿಬಿಟ್ಟಿರುತ್ತಾರೆ, ಅದು ಅಪಾಯ.

ಈಗ ಪವರ್ ಸಪ್ಲೈ. 5080 ಒಂದೇ 360 ವ್ಯಾಟ್ ತಿನ್ನುತ್ತದೆ. ಎನ್‌ವಿಡಿಯಾದವರೇ 850 ವ್ಯಾಟ್ ಬೇಕು ಅನ್ನುತ್ತಾರೆ. 850ರದ್ದೇ ತಗೊಳ್ಳಿ, ಎಟಿಎಕ್ಸ್ 3.1 (ಪವರ್ ಸಪ್ಲೈಗಳ ಈಚಿನ ಮಾನದಂಡ) ಇರಲಿ, ಹತ್ತು ವರ್ಷ ವಾರಂಟಿ ಇರುವುದನ್ನು ಹುಡುಕಿ. ಪಕ್ಕದ ಚೀಟಿಯಲ್ಲಿ 100ರಿಂದ 240 ವೋಲ್ಟ್ ಅಂತ ಇದೆಯಾ ನೋಡಿ. ಅಗ್ಗದ ಕೆಲವಕ್ಕೆ 200ರಿಂದ 240 ಅಷ್ಟೇ ಇರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬರದೆ ಫೆಬ್ರವರಿ, ಮಾರ್ಚ್‌ನಲ್ಲಿ ಸುತ್ತಲಿನ ತೋಟದವರೆಲ್ಲ ಸ್ಪ್ರಿಂಕ್ಲರ್ ಮೋಟಾರ್ ಹಾಕಿದರೆ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ನೆನಪಿಸಿಕೊಳ್ಳಿ. ಆಗ ಅಂಥದ್ದು ಪದೇ ಪದೇ ಆಫ್ ಆಗುತ್ತದೆ. ಇನ್ನೊಂದು ಮಾತು: 2022ರಲ್ಲಿ ಬಂದ 4090 ಕಾರ್ಡುಗಳಲ್ಲಿ ಪವರ್ ಕನೆಕ್ಟರ್ ಕರಗಿದ ಸುದ್ದಿ ಓದಿರಬಹುದು. ಈಗಿನ ಕನೆಕ್ಟರ್ ಸುಧಾರಿಸಿದೆ. ಆದರೂ ಕೇಬಲ್ಲನ್ನು ಕೊನೆತನಕ ಒತ್ತಿ ಕೂರಿಸಿ, ಸಂದಿ ಕಾಣಬಾರದು. ಬುಡದಲ್ಲೇ ಬಗ್ಗಿಸಬೇಡಿ.

ಯುಪಿಎಸ್ ಕೊಳ್ಳುವಾಗ ವಿಎ ನೋಡಬೇಡಿ, ವ್ಯಾಟ್ ನೋಡಿ. ಆಟದ ಹೊತ್ತಲ್ಲಿ ಮಾನಿಟರ್ ಸೇರಿ ನಿಮ್ಮ ಮಷಿನ್ನಿಗೆ 550, 600 ವ್ಯಾಟ್ ಬೇಕಾಗುತ್ತದೆ. 600 ವಿಎ ಪೆಟ್ಟಿಗೆ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ನಿಮಗೆ 900 ವ್ಯಾಟ್ ಆದರೂ ಇರಬೇಕು, ಪ್ಯೂರ್ ಸೈನ್ ವೇವ್ ಇರಬೇಕು, ಅಂದರೆ ಬ್ಯಾಟರಿಯಿಂದಲೂ ಲೈನಿನ ಕರೆಂಟಿನಂತೆ ನಯವಾದ ಅಲೆಯೇ ಬರಬೇಕು. ಸೈನ್ ವೇವ್ ಅಲ್ಲದ ಯುಪಿಎಸ್ ಬ್ಯಾಟರಿಗೆ ಬದಲಾಗುವಾಗ ಒಳ್ಳೆಯ ಪವರ್ ಸಪ್ಲೈಗಳೇ ಕೆಲವು ಸಲ ಆಫ್ ಆಗುತ್ತವೆ. ಐದು ನಿಮಿಷ ಸಿಕ್ಕರೆ ಸಾಕು, ಸೇವ್ ಮಾಡಿ ಆಫ್ ಮಾಡಬಹುದು. ಮನೆಯ ಇನ್ವರ್ಟರ್ ಲೈನಿಗೆ ಮಾತ್ರ ಹಾಕಬೇಡಿ.

"ಇದಕ್ಕೆಲ್ಲ ದುಡ್ಡು?" ಅಂತ ಕೇಳುತ್ತೀರಿ. ನಿಮ್ಮ ಪಟ್ಟಿಯಲ್ಲೇ ಇದೆ. 9950ಎಕ್ಸ್3ಡಿಯಲ್ಲಿ 16 ಕೋರ್. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಅದು ಬೇಕು. ಆಟಕ್ಕೆ 8 ಕೋರಿನ ರೈಝನ್ 7 9800ಎಕ್ಸ್3ಡಿ ಹೆಚ್ಚುಕಡಿಮೆ ಅಷ್ಟೇ ಓಡುತ್ತದೆ. ಆಟಕ್ಕೆ ಕೆಲಸಕ್ಕೆ ಬರುವುದು ಈ ಎಕ್ಸ್3ಡಿ ಪ್ರೊಸೆಸರುಗಳಲ್ಲಿರುವ ಹೆಚ್ಚುವರಿ ಕ್ಯಾಶ್ (ಪ್ರೊಸೆಸರಿನ ಒಳಗೇ ಇರುವ ವೇಗದ ಮೆಮೊರಿ), 9950ಎಕ್ಸ್3ಡಿಯಲ್ಲೂ ಅದು ಎಂಟು ಕೋರುಗಳ ಮೇಲಷ್ಟೇ ಇದೆ. ಲಿಕ್ವಿಡ್ ಕೂಲರೂ ಬೇಡ. ನಮ್ಮೂರಿನ ತಂಪಿಗೆ ಎರಡು ಫ್ಯಾನಿನ ದೊಡ್ಡ ಏರ್ ಕೂಲರ್ ಧಾರಾಳ. ಪಂಪ್ ಕೆಟ್ಟರೆ ಇಲ್ಲಿ ಯಾರ ಹತ್ತಿರ ಹೋಗುತ್ತೀರಿ?

ರ‍್ಯಾಮ್ ಎರಡೇ ಸ್ಟಿಕ್ ಹಾಕಿ, 16 ಜಿಬಿಯವು ಎರಡು, ಡಿಡಿಆರ್5 6000. ನಾಲ್ಕು ಹಾಕಿದರೆ ಈ ಪ್ರೊಸೆಸರಿಗೆ ಎಎಂಡಿ ಖಾತರಿ ಕೊಡುವ ವೇಗ 5600ರಿಂದ 3600ಕ್ಕೆ ಇಳಿಯುತ್ತದೆ. ಬಯೋಸ್‌ನಲ್ಲಿ ಎಕ್ಸ್‌ಪೋ ಆನ್ ಮಾಡುವುದನ್ನು ಮರೆಯಬೇಡಿ, ಸ್ಟಿಕ್ಕಿನ ಮೇಲೆ ಬರೆದ 6000 ವೇಗ ಸಿಗುವುದು ಆ ಸೆಟ್ಟಿಂಗಿನಿಂದಲೇ.

4ಕೆ ಬಗ್ಗೆ ನನ್ನ ಅಭಿಪ್ರಾಯ ಬೇರೆ. 4ಕೆ ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್, 1440ಪಿ ಅಂದರೆ 37 ಲಕ್ಷ. ಎರಡು ಪಟ್ಟಿಗಿಂತ ಜಾಸ್ತಿ ಕೆಲಸ. 27 ಇಂಚಿನ 1440ಪಿ ಓಎಲ್‌ಇಡಿ ತಂದರೆ 5080 ತುಂಬಾ ವರ್ಷ ಹಗುರವಾಗಿ ಓಡುತ್ತದೆ. 4ಕೆಯೇ ಬೇಕು ಅಂದರೆ ತಗೊಳ್ಳಿ, ಡಿಎಲ್‌ಎಸ್‌ಎಸ್ (ಕಡಿಮೆ ಪಿಕ್ಸೆಲ್ಲಿನಲ್ಲಿ ಚಿತ್ರ ಮಾಡಿ ಎಐನಿಂದ ದೊಡ್ಡದು ಮಾಡುವ ಎನ್‌ವಿಡಿಯಾದ ತಂತ್ರ) ಹಾಕಿ ಆಡಬಹುದು.

ಕ್ಯಾಬಿನೆಟ್ಟಿಗೆ ಎಲ್ಲ ಕಡೆ ಸಣ್ಣ ಜಾಲರಿ ಇರಲಿ. ಮಳೆಗಾಲದಲ್ಲಿ ಹಲ್ಲಿಗಳು ಬೆಚ್ಚಗಿನ ಜಾಗ ಹುಡುಕಿ ಒಳಗೆ ಸೇರುತ್ತವೆ. ಒಂದು ಹಲ್ಲಿ ಸರ್ಕ್ಯೂಟ್ ಮೇಲೆ ಓಡಾಡಿದರೆ ಶಾರ್ಟ್ ಆಗಲು ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಾ ಅರ್ಧ ಗಂಟೆಯಾದರೂ ಆನ್ ಮಾಡಿ, ಒಳಗಿನ ಶೀತ ಆ ಬಿಸಿಗೆ ಒಣಗುತ್ತದೆ. ಗುಡುಗು ಕೇಳಿಸಿದರೆ ಪ್ಲಗ್ ಕೀಳಿ, ರೂಟರಿನಿಂದ ಬರುವ ಲ್ಯಾನ್ ಕೇಬಲ್ ಕೂಡ ಕೀಳಿ. ಅರ್ಥಿಂಗ್, ಯುಪಿಎಸ್ ಎಲ್ಲ ಇದ್ದರೂ ಸಿಡಿಲಿನ ಮುಂದೆ ಇದೇ ಗಟ್ಟಿ ಉಪಾಯ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿ ತರುವುದಾದರೆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರ ಡಬ್ಬಿಯಲ್ಲೇ ಹಾಕಿಕೊಂಡು ಬನ್ನಿ. ತೂಕದ ಕಾರ್ಡು ರಸ್ತೆಯ ಕುಲುಕಾಟಕ್ಕೆ ಸ್ಲಾಟನ್ನೇ ಮುರಿಯಬಹುದು. ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಮೊದಲು ಎಲೆಕ್ಟ್ರಿಷಿಯನ್ ಬಂದು ಹೋಗಲಿ. ಮೀಟರಿನಲ್ಲಿ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಯುಪಿಎಸ್ ಯಾವುದು ಅಂತ ಆಮೇಲೆ ನೋಡೋಣ.