ರಬ್ಬರ್ ಆಸಿಡ್‌ಗೆ ಬೆಂಕಿ ಹತ್ತುತ್ತಾ? ಹೊಗೆಮನೆಯಲ್ಲಿ ಇಡಬಹುದಾ?

ನೀವು ಕೇಳಿದ್ದು ಇಷ್ಟು: ಸುಳ್ಯದ ಹತ್ತಿರ ಹೊಸದಾಗಿ ರಬ್ಬರ್ ಟ್ಯಾಪಿಂಗ್ (ಮರದ ತೊಗಟೆ ಕೊಯ್ದು ಹಾಲು ತೆಗೆಯುವುದು) ಶುರು ಮಾಡಿದ್ದೀರಿ. ಆ ಹಾಲು ಹೆಪ್ಪುಗಟ್ಟಿಸಲು ಪೇಟೆಯಿಂದ 35 ಕೆಜಿಯ ಫಾರ್ಮಿಕ್ ಆಸಿಡ್ ಕ್ಯಾನ್ ತಂದಿದ್ದೀರಿ, ಮೇಲೆ 90% ಎಂದಿದೆ. ಕೈ ಸುಡುವ ಚಿತ್ರದ ಪಕ್ಕದಲ್ಲಿ ಬೆಂಕಿಯ ಚಿತ್ರವೂ ಇದೆ. ಜಾಗ ಇಲ್ಲದೆ ಹೊಗೆಮನೆಯ (ಹೆಪ್ಪುಗಟ್ಟಿದ ರಬ್ಬರಿನ ಹಾಳೆ, ಅಂದರೆ ಶೀಟ್, ಹೊಗೆಯಲ್ಲಿ ಒಣಗಿಸುವ ಕೋಣೆ) ಮೂಲೆಯಲ್ಲಿ ಇಟ್ಟಿದ್ದೀರಿ, ಮಾವ ಏನೂ ಆಗಲ್ಲ ಅಂತಾರೆ, ನಿಜವಾ?

ಬೆಂಕಿ ಹತ್ತುತ್ತದೆ. ಮೊದಲು ಕ್ಯಾನನ್ನು ಹೊಗೆಮನೆಯಿಂದ ಹೊರಗೆ ತನ್ನಿ. ಉಳಿದದ್ದನ್ನು ಆಮೇಲೆ ಓದಿ.

ನಿಮ್ಮ ಮಾವ ಹೇಳುವುದರಲ್ಲಿ ಅರ್ಥ ಇಲ್ಲ ಅಂತಲ್ಲ. ನಮ್ಮ ಕಡೆ ಬಹಳ ತೋಟಗಳಿಗೆ ಬರುವುದು 85%ದ ಆಸಿಡ್. ಅದರಲ್ಲಿ ನೀರಿನ ಪಾಲು ಜಾಸ್ತಿ, ಹಾಗಾಗಿ ಬೆಂಕಿ ಹಿಡಿಯುವುದು ಸ್ವಲ್ಪ ಕಷ್ಟ. ಸಾಗಾಟದ ನಿಯಮದಲ್ಲೂ ಗೆರೆ ಎಳೆದಿರುವುದು ಅಲ್ಲೇ. 85 ದಾಟಿದರೆ ಕೊರೆಯುವ ವಸ್ತು ಮತ್ತು ಬೆಂಕಿ ಹಿಡಿಯುವ ವಸ್ತು, ಎರಡೂ ಲೇಬಲ್ ಬೇಕು. 85ರ ಒಳಗಿದ್ದರೆ ಕೊರೆಯುವುದು ಅಂತ ಒಂದೇ ಸಾಕು. ನೀವು ತಂದದ್ದು 90ರದ್ದು, ಅದಕ್ಕೇ ಎರಡು ಚಿತ್ರ. 90%ದ ಆಸಿಡ್ ಸುಮಾರು 50 ಡಿಗ್ರಿ ಬಿಸಿಯಾದರೆ ಸಾಕು, ಅದರ ಆವಿಗೆ ಕಿಡಿ ತಾಗಿದಾಗ ಬೆಂಕಿ ಹಿಡಿಯಬಹುದು. ಈಗ ಹೊಗೆಮನೆಯ ಬಿಸಿ ಎಷ್ಟು ನೋಡಿ. ಶೀಟ್ ಒಣಗಲು ನಾವು ಇಡುವುದೇ 40ರಿಂದ 60 ಡಿಗ್ರಿ. ಒಳಗೆ ಕಟ್ಟಿಗೆ ಉರಿಯುತ್ತಿರುತ್ತದೆ, ಮೇಲೆ ರಬ್ಬರ್ ನೇತಾಡುತ್ತಿರುತ್ತದೆ. ಆಸಿಡ್ ಇಲ್ಲದೆಯೇ ಹೊಗೆಮನೆಗಳು ಸುಟ್ಟುಹೋಗುತ್ತವೆ. ಇದರ ಆವಿ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ನೆಲದ ಹತ್ತಿರ ಹರಡುತ್ತದೆ. ಒಲೆ ಇರುವುದೂ ನೆಲದಲ್ಲೇ ಅಲ್ವಾ?

ಆದರೆ ನಾನು ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವವನು. ನನ್ನನ್ನು ಕೇಳಿದರೆ ಬೆಂಕಿಗಿಂತ ಜಾಸ್ತಿ ಹೆದರಬೇಕಾದದ್ದು ಕ್ಯಾನಿನ ಮುಚ್ಚಳಕ್ಕೆ.

ಒಂದು ಏಪ್ರಿಲ್‌ನಲ್ಲಿ ನಮ್ಮ ತಗಡಿನ ಶೆಡ್‌ನಲ್ಲಿದ್ದ ಕ್ಯಾನ್ ಸ್ವಲ್ಪ ಉಬ್ಬಿತ್ತು. ಪ್ಲಾಸ್ಟಿಕ್ ಬಿಸಿಲಿಗೆ ಹೀಗಾಗಿದೆ ಎಂದುಕೊಂಡು ಮುಚ್ಚಳ ತಿರುಗಿಸಿದೆ. ಬುಸ್ ಎಂದು ಗಾಳಿಯ ಜೊತೆ ಆಸಿಡ್ ಕೂಡ ಚಿಮ್ಮಿತು. ಮುಖ ಪಕ್ಕಕ್ಕಿತ್ತು, ಕಣ್ಣು ಉಳಿಯಿತು. ಅಂಗಿಯ ತೋಳು ಒದ್ದೆಯಾಯಿತು. ನಾನು ಮಾಡಿದ ತಪ್ಪು ಏನೆಂದರೆ, ಅಂಗಿ ಬಿಚ್ಚದೆ ಅದರ ಮೇಲೆಯೇ ಎರಡು ಚೆಂಬು ನೀರು ಹೊಯ್ದುಕೊಂಡು ಕೆಲಸ ಮುಂದುವರಿಸಿದ್ದು. ಬಟ್ಟೆ ಆಸಿಡನ್ನು ಚರ್ಮಕ್ಕೆ ಒತ್ತಿ ಹಿಡಿದುಕೊಂಡಿತ್ತು. ಸಂಜೆಗೆ ಬೊಕ್ಕೆ ಎದ್ದಿತ್ತು. ಮೊಣಕೈ ಕೆಳಗೆ ಆ ಕಲೆ ಇನ್ನೂ ಇದೆ.

ಉಬ್ಬಿದ್ದೇಕೆ ಎಂದು ಗೊತ್ತಾಗಿದ್ದು ಆಮೇಲೆ. ಸ್ಟ್ರಾಂಗ್ ಫಾರ್ಮಿಕ್ ಆಸಿಡ್ ಸುಮ್ನೆ ಇಟ್ಟಲ್ಲೇ ನಿಧಾನವಾಗಿ ಒಡೆದು ನೀರು ಮತ್ತು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಬಿಸಿ ಹೆಚ್ಚಿದಷ್ಟು ಬೇಗ ಆಗುತ್ತದೆ. ಗಾಳಿ ಹೋಗಲು ದಾರಿ ಇಲ್ಲದಿದ್ದರೆ ಒತ್ತಡ ಕಟ್ಟುತ್ತದೆ. ಅದಕ್ಕೇ ಒಳ್ಳೆಯ ಕ್ಯಾನಿನ ಮುಚ್ಚಳದಲ್ಲಿ ಗಾಳಿ ಬಿಡುವ ಸಣ್ಣ ವ್ಯವಸ್ಥೆ ಇರುತ್ತದೆ. ವಾಸನೆ ಬರುತ್ತದೆ ಎಂದು ಅದರ ಮೇಲೆ ಪ್ಲಾಸ್ಟಿಕ್ ಕಟ್ಟುವವರನ್ನು ನೋಡಿದ್ದೇನೆ. ದಯವಿಟ್ಟು ಕಟ್ಟಬೇಡಿ. ಈ ಕಾರ್ಬನ್ ಮೊನಾಕ್ಸೈಡ್ ಇದೆಯಲ್ಲ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ತುಂಬಿದರೆ ತಲೆ ಸುತ್ತಿ ಬಿದ್ದಮೇಲೇ ಗೊತ್ತಾಗುವುದು. ಹಾಗಾಗಿ ಕ್ಯಾನ್ ಇಡುವ ಜಾಗಕ್ಕೆ ಗಾಳಿ ಆಡಬೇಕು, ನೆರಳು ಬೇಕು. ಮಲಗುವ ಕೋಣೆಯ ಅಟ್ಟ, ಅಡುಗೆಮನೆಯ ಹಿಂದಿನ ಉಗ್ರಾಣ ಬೇಡವೇ ಬೇಡ.

ಇನ್ನೊಂದು ವಿಷಯ. ಅಗ್ಗಕ್ಕೆ ಸಿಗುತ್ತದೆ ಎಂದು ಕೆಲವರು ಸಲ್ಫ್ಯೂರಿಕ್ ಆಸಿಡ್ ತರುತ್ತಾರೆ. ಅದು ಶೀಟ್‌ನಲ್ಲೇ ಉಳಿದು ರಬ್ಬರನ್ನು ಹಾಳು ಮಾಡುತ್ತದೆ ಎಂಬುದು ಒಂದು ಕಡೆ ಇರಲಿ. ಎರಡನ್ನೂ ಇಟ್ಟುಕೊಂಡವರು ತಳದಲ್ಲಿ ಉಳಿದದ್ದನ್ನು ಒಂದೇ ಕ್ಯಾನಿಗೆ ಸುರಿದರೆ ಕಥೆ ಮುಗಿಯಿತು. ಸ್ಟ್ರಾಂಗ್ ಸಲ್ಫ್ಯೂರಿಕ್ ಆಸಿಡ್ ಫಾರ್ಮಿಕ್ ಆಸಿಡ್‌ನಿಂದ ನೀರನ್ನು ಎಳೆದುಕೊಂಡು ಕಾರ್ಬನ್ ಮೊನಾಕ್ಸೈಡನ್ನು ಗಳಿಗೆಯಲ್ಲಿ ಹೊರಗೆ ಬಿಡುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಆ ಅನಿಲವನ್ನು ತಯಾರಿಸುವುದೇ ಹೀಗೆ.

ನಮ್ಮ ತೋಟದ ಶೆಡ್ ಎಂದರೆ ನಿಮಗೇ ಗೊತ್ತಲ್ಲ. ಮೈಲುತುತ್ತು, ಬೋರ್ಡೋ ಔಷಧಿ ಮಾಡಲು ತಂದ ಸುಣ್ಣ, ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್, ರಬ್ಬರ್ ಹಾಲು ಬೇಗ ಹೆಪ್ಪುಗಟ್ಟದಿರಲು ಅಮೋನಿಯಾ, ಹುಲ್ಲು ಕೊಚ್ಚುವ ಮೆಷಿನ್ನಿನ ಪೆಟ್ರೋಲ್, ಎಲ್ಲ ಒಂದೇ ಕಡೆ. ಆಸಿಡ್ ಸೋರಿ ಬ್ಲೀಚಿಂಗ್ ಪೌಡರಿಗೆ ತಾಗಿದರೆ ಕ್ಲೋರಿನ್ ಅನಿಲ ಬರುತ್ತದೆ. ಸುಣ್ಣಕ್ಕೆ ಮತ್ತು ಅಮೋನಿಯಾಕ್ಕೆ ತಾಗಿದರೆ ಜೋರು ಬಿಸಿ. ಪೆಟ್ರೋಲ್ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಕಬ್ಬಿಣದ ತಟ್ಟೆ, ಜಿಂಕ್ ಬಕೆಟ್‌ಗಳನ್ನೂ ಸ್ಟ್ರಾಂಗ್ ಆಸಿಡ್ ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಬಿಡುತ್ತದೆ. ನಾನು ಕ್ಯಾನನ್ನು ಬೇರೆಯೇ ಒಂದು ಸಣ್ಣ ಗೂಡಿನಲ್ಲಿ, ಅಗಲದ ಪ್ಲಾಸ್ಟಿಕ್ ಟಬ್ಬಿನೊಳಗೆ, ನೆಲದ ಮೇಲೆಯೇ ಇಡುತ್ತೇನೆ. ಎತ್ತರದ ಹಲಗೆಯಿಂದ ಇಳಿಸುವಾಗ ಕೈ ಜಾರಿದರೆ ಬೀಳುವುದು ಮುಖದ ಮೇಲೆ. ಗೂಡಿಗೆ ಬೀಗ ಇದೆ.

ಈಗ ದಿನದ ಕೆಲಸ. ಹಾಲು ಹೆಪ್ಪುಗಟ್ಟಲು ನಮಗೆ ಬೇಕಾದದ್ದು ಒಂದು ಪರ್ಸೆಂಟಿನ ಆಸುಪಾಸಿನ ತೆಳು ಆಸಿಡ್. ಅಷ್ಟಕ್ಕಾಗಿ ಟ್ಯಾಪರ್ ದಿನಾ ಬೆಳಿಗ್ಗೆ 35 ಕೆಜಿಯ ಕ್ಯಾನ್ ಬಗ್ಗಿಸಿ ಹೊಯ್ಯುವುದು ಯಾಕೆ? ನಮ್ಮಲ್ಲಿ ಆ ಕ್ಯಾನನ್ನು ವಾರಕ್ಕೊಮ್ಮೆ ಒಬ್ಬರು ಮಾತ್ರ ತೆರೆಯುತ್ತೇವೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಹಾಕಿ. ಬಗ್ಗಿಸುವುದಿಲ್ಲ, ಪ್ಲಾಸ್ಟಿಕ್ಕಿನ ಕೈಪಂಪಿನಿಂದ ತೆಗೆಯುತ್ತೇವೆ. ಬಾಯಲ್ಲಿ ಪೈಪ್ ಇಟ್ಟು ಎಳೆಯುವ ಮಾತೇ ಇಲ್ಲ. ಡ್ರಮ್ಮಿಗೆ ಮೊದಲು 10 ಲೀಟರ್ ನೀರು, ಅದಕ್ಕೆ ನಿಧಾನವಾಗಿ ಒಂದು ಲೀಟರ್ ಆಸಿಡ್. ಆಸಿಡ್‌ಗೆ ನೀರು ಹೊಯ್ಯಬಾರದು, ನೀರಿಗೇ ಆಸಿಡ್. ಇದು ಸುಮಾರು ಹತ್ತು ಪರ್ಸೆಂಟ್ ಆಗುತ್ತದೆ. ಇದರಿಂದ 100 ಎಂಎಲ್ ತೆಗೆದು 900 ಎಂಎಲ್ ನೀರಿಗೆ ಸೇರಿಸಿದರೆ ದಿನದ ಬಳಕೆಯದ್ದು ಸಿದ್ಧ. ಹತ್ತು ಪರ್ಸೆಂಟ್ ಕೂಡ ಕಣ್ಣಿಗೆ ಬಿದ್ದರೆ ಕಣ್ಣು ಹಾಳು ಮಾಡಬಲ್ಲದು, ಹಾಗಾಗಿ ಕನ್ನಡಕ ಆಗಲೂ ಬೇಕು. ಸುತ್ತಲೂ ಮುಚ್ಚುವಂಥದ್ದು. ಕೈಗೆ ದಪ್ಪ ನಿಯೋಪ್ರೀನ್ ಗ್ಲೌಸ್. ಡಾಕ್ಟರು ಹಾಕುವ ತೆಳು ಗ್ಲೌಸ್ ಇಲ್ಲಿ ಲೆಕ್ಕಕ್ಕಿಲ್ಲ.

ವಾಸನೆ ತಡೆದುಕೊಂಡು ಕೆಲಸ ಮಾಡುವುದು ದೊಡ್ಡಸ್ತಿಕೆ ಅಲ್ಲ. ಎಂಟು ಗಂಟೆಯ ಕೆಲಸಕ್ಕೆ ಗಾಳಿಯಲ್ಲಿ ಇರಬಹುದಾದದ್ದು ಹತ್ತು ಲಕ್ಷದಲ್ಲಿ 5 ಭಾಗ ಮಾತ್ರ. ಮೂಗು ಚುರುಗುಟ್ಟಿ ಕಣ್ಣಲ್ಲಿ ನೀರು ಬಂದರೆ ಹೊರಗೆ ಬನ್ನಿ.

ಚಗಳಿ ಇರುವೆ ಕಚ್ಚಿದಾಗ ಉರಿಯುವುದು ಇದೇ ಆಸಿಡ್‌ನಿಂದ. ಚಗಳಿ ಚಟ್ನಿಯ ಹುಳಿಯೂ ಇದೇ. ಅದಕ್ಕೇ ಏನೋ, ಊರಿನಲ್ಲಿ ಇದರ ಬಗ್ಗೆ ಒಂದು ಸಲಿಗೆ. ಇರುವೆ ಕೊಡುವುದು ಒಂದು ಹನಿಗಿಂತ ಎಷ್ಟೋ ಕಡಿಮೆ. ಕ್ಯಾನಿನ ಆಸಿಡ್ ಚರ್ಮದ ದೊಡ್ಡ ಭಾಗಕ್ಕೆ ಬಿದ್ದರೆ ಸುಡುವುದಷ್ಟೇ ಅಲ್ಲ, ರಕ್ತಕ್ಕೂ ಸೇರುತ್ತದೆ. ಕಳ್ಳಬಟ್ಟಿಯಲ್ಲಿ ಮೆಥನಾಲ್ ಕುಡಿದವರ ಕಣ್ಣು ಹೋಗುತ್ತದಲ್ಲ, ಅಲ್ಲಿಯೂ ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಸಿಡ್ ಆಗಿಯೇ ಹಾನಿ ಮಾಡುವುದು.

ಚರ್ಮಕ್ಕೆ ಬಿದ್ದರೆ ಮೊದಲು ಬಟ್ಟೆ ಬಿಚ್ಚಿ, ನಾಚಿಕೆ ಆಮೇಲೆ. ಹರಿಯುವ ನೀರಿನಲ್ಲಿ ಗಡಿಯಾರ ನೋಡಿಕೊಂಡು 20 ನಿಮಿಷ ತೊಳೆಯಿರಿ. ಸುಣ್ಣ, ಸೋಡಾ ಹಚ್ಚಬೇಡಿ, ಅದು ಆಸಿಡ್ ಜೊತೆ ಸೇರಿ ಇನ್ನೂ ಬಿಸಿಯಾಗುತ್ತದೆ. ಅರಿಸಿನವೂ ಬೇಡ, ಟೂತ್‌ಪೇಸ್ಟೂ ಬೇಡ. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬೆರಳಿಂದ ಅಗಲಿಸಿ ಹಿಡಿದು ಅಷ್ಟೇ ಹೊತ್ತು ತೊಳೆದು, ನೋವು ಕಡಿಮೆಯಾಗಿದ್ದರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಯಾರಾದರೂ ಕುಡಿದರೆ ವಾಂತಿ ಮಾಡಿಸಬಾರದು, ಹೋಗುವಾಗ ಸುಟ್ಟದ್ದು ಬರುವಾಗಲೂ ಸುಡುತ್ತದೆ. ಬಾಯಿ ತೊಳೆಸಿ, ತಕ್ಷಣ ಆಸ್ಪತ್ರೆಗೆ, ಕ್ಯಾನಿನ ಲೇಬಲ್‌ನ ಫೋಟೋ ಸಮೇತ.

ಕುಡಿಯುವುದು ಯಾಕೆ ಹೇಳಿದೆ ಎಂದರೆ, ನಮ್ಮ ಪಕ್ಕದ ತೋಟದಲ್ಲಿ ಟ್ಯಾಪರ್ ಒಬ್ಬರು ಆಸಿಡನ್ನು ಖಾಲಿ ನೀರಿನ ಬಾಟಲಿಯಲ್ಲಿ ತುಂಬಿ ಮರದ ಬುಡದಲ್ಲಿ ಇಟ್ಟಿದ್ದರು. ಹುಲ್ಲಿಗೆ ಬಂದವರು ಬಾಯಾರಿಕೆಗೆ ಎತ್ತಿಕೊಂಡರು. ವಾಸನೆಗೆ ಬಾಯಿ ಹತ್ತಿರದಿಂದಲೇ ಎಸೆದರು, ತುಟಿ ಸುಟ್ಟದ್ದಕ್ಕೇ ಮುಗಿಯಿತು. ನೋಡಲು ನೀರೇ ಅದು, ಬಣ್ಣವೇ ಇಲ್ಲ. ಅವತ್ತಿನಿಂದ ನಾವು ಹತ್ತು ಪರ್ಸೆಂಟಿನ ಡ್ರಮ್ಮಿಗೆ ಕೆಂಪು ಬಣ್ಣ ಬಳಿದು ಕನ್ನಡ, ಮಲಯಾಳಂ ಎರಡರಲ್ಲೂ ಬರೆದಿಟ್ಟಿದ್ದೇವೆ. ಖಾಲಿ ಕ್ಯಾನನ್ನು ಮೂರು ಸಲ ತೊಳೆದು ತಳಕ್ಕೆ ತೂತು ಹಾಕುತ್ತೇವೆ, ಇಲ್ಲದಿದ್ದರೆ ಯಾರಾದರೂ ಮನೆಗೆ ಒಯ್ದು ನೀರು ತುಂಬಿಡುತ್ತಾರೆ.

ನಿಮ್ಮ ಕ್ಯಾನಿನ ಮುಚ್ಚಳದಲ್ಲಿ ಗಾಳಿ ಹೋಗುವ ಸಣ್ಣ ತೂತು ಇದೆಯಾ ನೋಡಿ ಹೇಳಿ. ಕ್ಯಾನ್ ಈಗಾಗಲೇ ಉಬ್ಬಿದ್ದರೆ ತೆರೆಯಲು ಹೋಗಬೇಡಿ. ನೆರಳಿನಲ್ಲಿ, ಜನ ಓಡಾಡದ ಕಡೆ ಬಿಟ್ಟು, ಕೊಟ್ಟ ಅಂಗಡಿಯವರಿಗೆ ಫೋನ್ ಮಾಡಿ.